ಅಸ್ಥಿಮಜ್ಜೆ ಕಸಿ: ನೂರು ದಿನಗಳ ನಂತರದ ಕಥೆ

ಒಂದು ಸಣ್ಣ ಲೆಕ್ಕದಿಂದ ಆರಂಭಿಸೋಣ. ಒಂದು ಕಿಲೋಗ್ರಾಮ್ ದ್ರವ್ಯ ವಿಕಿರಣದಿಂದ ಒಂದು ಜೂಲ್ ಶಕ್ತಿಯನ್ನು ಹೀರಿಕೊಂಡರೆ ಆ ಪ್ರಮಾಣವನ್ನು 1 ಗ್ರೇ ಎನ್ನುತ್ತೇವೆ. 60 ಕಿಲೋಗ್ರಾಮ್ ತೂಕದ ವ್ಯಕ್ತಿಯ ಇಡೀ ದೇಹಕ್ಕೆ 10 ಗ್ರೇ ತಗುಲಿತೆನ್ನಿ. ಹೀರಿಕೆಯಾದ ಶಕ್ತಿ 600 ಜೂಲ್. ಅದೇ ವ್ಯಕ್ತಿಯನ್ನು ನೆಲದಿಂದ ಒಂದು ಮೀಟರ್ ಮೇಲೆತ್ತಲು ಬೇಕಾದ ಶಕ್ತಿಯೂ ಹೆಚ್ಚುಕಡಿಮೆ ಇಷ್ಟೇ. ದೇಹದ ಉಷ್ಣತೆ ಏರುವುದು ಸುಮಾರು 0.003 ಡಿಗ್ರಿ ಸೆಲ್ಸಿಯಸ್ ಮಾತ್ರ. ಆದರೂ ಚಿಕಿತ್ಸೆ ಇಲ್ಲದಿದ್ದರೆ ಆತ ಉಳಿಯುವುದಿಲ್ಲ. ವಿಕಿರಣ ಜೀವಕೋಶಗಳ ಡಿ.ಎನ್.ಎ. ಎಳೆಗಳನ್ನು ತುಂಡರಿಸುತ್ತದೆ. ಸದಾ ವಿಭಜನೆಯಾಗುತ್ತಿರುವ ಕೋಶಗಳಿಗೆ ಅದರ ಪೆಟ್ಟು ಹೆಚ್ಚು. ರಕ್ತವನ್ನು ತಯಾರಿಸುವ ಅಸ್ಥಿಮಜ್ಜೆ ಅಂಥ ಕೋಶಗಳ ತವರು.

ಅಸ್ಥಿಮಜ್ಜೆ ಕಸಿಯ ಇತಿಹಾಸ ವಿಕಿರಣದ ಅಧ್ಯಯನದಿಂದಲೇ ಆರಂಭವಾಯಿತು. 1949ರಲ್ಲಿ ಷಿಕಾಗೋದ ಲಿಯೋನ್ ಜೇಕಬ್‌ಸನ್, ಇಲಿಗಳ ಗುಲ್ಮವನ್ನು ಸೀಸದಿಂದ ಮರೆಮಾಡಿದರೆ ಮಾರಕ ಪ್ರಮಾಣದ ವಿಕಿರಣದಿಂದಲೂ ಅವು ಬದುಕುವುದನ್ನು ಕಂಡರು. 1951ರಲ್ಲಿ ಲೊರೆನ್ಜ್ ಮತ್ತು ಸಂಗಡಿಗರು, ಮಜ್ಜೆಯನ್ನು ರಕ್ತನಾಳಕ್ಕೆ ಚುಚ್ಚಿದರೂ ಪ್ರಾಣಿಗಳು ಉಳಿಯುತ್ತವೆ ಎಂದು ತೋರಿಸಿದರು. ಗಮನಿಸಿ, ಇಲ್ಲಿ ಶಸ್ತ್ರಚಿಕಿತ್ಸೆಯ ಮಾತೇ ಇಲ್ಲ. ರಕ್ತ ಕೊಡುವಂತೆ ಮಜ್ಜೆಯನ್ನು ಕೊಟ್ಟರೆ, ಆಕರಕೋಶಗಳು ತಾವೇ ದಾರಿ ಹುಡುಕಿಕೊಂಡು ಮೂಳೆಯೊಳಗೆ ನೆಲೆಸುತ್ತವೆ.

ವಿಂಚಾ ಅಪಘಾತ

1958ರ ಅಕ್ಟೋಬರ್ 15ರಂದು ಆಗಿನ ಯುಗೋಸ್ಲಾವಿಯಾದ ವಿಂಚಾದಲ್ಲಿದ್ದ ಸಂಶೋಧನಾ ರಿಯಾಕ್ಟರ್ ಹತೋಟಿ ತಪ್ಪಿತು. ಆರು ಮಂದಿಗೆ ತೀವ್ರ ವಿಕಿರಣ ತಗುಲಿತು. ಅವರನ್ನು ಪ್ಯಾರಿಸ್ಸಿಗೆ ಒಯ್ದರು. ಅಲ್ಲಿ ಜಾರ್ಜ್ ಮಾಥೆ ಅವರ ತಂಡ ಐವರಿಗೆ ರಕ್ತಸಂಬಂಧವಿಲ್ಲದ ದಾನಿಗಳ ಮಜ್ಜೆಯನ್ನು ನೀಡಿತು. ಒಬ್ಬರು ತೀರಿಕೊಂಡರು, ಉಳಿದ ನಾಲ್ವರು ಚೇತರಿಸಿಕೊಂಡರು. ಮಜ್ಜೆ ಪಡೆಯದ ಆರನೆಯವರೂ ಬದುಕಿದರು.

ಹಾಗಾದರೆ ಅವರನ್ನು ಉಳಿಸಿದ್ದು ಕಸಿಯೇ? ಇದಕ್ಕೆ ನೇರ ಉತ್ತರವಿಲ್ಲ. ದಾನಿಗಳ ಕೋಶಗಳು ಕೆಲಕಾಲವಷ್ಟೇ ಇದ್ದು ಮರೆಯಾದವು. ರೋಗಿಗಳ ಸ್ವಂತ ಮಜ್ಜೆ ಚೇತರಿಸಿಕೊಂಡಿತು. 1960ರಲ್ಲಿ ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಅದೇ ರಿಯಾಕ್ಟರಿನಲ್ಲಿ ಮನುಷ್ಯಾಕಾರದ ಗೊಂಬೆಗಳನ್ನಿಟ್ಟು ಅಪಘಾತದ ವಿಕಿರಣವನ್ನು ಮತ್ತೆ ಅಳೆಯಿತು. ಎಷ್ಟು ವಿಕಿರಣ ತಗುಲಿತ್ತು ಎಂಬುದು ಗೊತ್ತಾಗದೆ ಚಿಕಿತ್ಸೆಯ ಫಲವನ್ನು ತೂಗುವಂತಿರಲಿಲ್ಲ.

ಸೋಲು, ನಂತರ ಗೆಲುವು

1957ರಲ್ಲಿ ಅಮೆರಿಕದ ಡೊನಾಲ್ ಥಾಮಸ್ ಆರು ರೋಗಿಗಳಿಗೆ ಮಜ್ಜೆ ನೀಡಿದ ವರದಿ ಪ್ರಕಟಿಸಿದ್ದರು. ಅವರಲ್ಲಿ ಯಾರೂ ನೂರು ದಿನ ದಾಟಲಿಲ್ಲ. ಮುಂದಿನ ಹತ್ತು ವರ್ಷ ಸೋಲಿನದೇ ಸಾಲು. ಹಲವರು ಈ ಕೆಲಸವನ್ನೇ ಕೈಬಿಟ್ಟರು. ಬೇರೆ ಅಂಗಗಳ ಕಸಿಯಲ್ಲಿ ದೇಹ ಅಂಗವನ್ನು ತಿರಸ್ಕರಿಸುತ್ತದೆ. ಇಲ್ಲಿ ಅದರ ತಿರುವುಮುರುವು: ದಾನಿಯ ಮಜ್ಜೆಯೊಡನೆ ಬಂದ ರಕ್ಷಣಾ ಕೋಶಗಳು ರೋಗಿಯ ಚರ್ಮ, ಕರುಳು, ಯಕೃತ್ತುಗಳನ್ನೇ ಪರಕೀಯವೆಂದು ಆಕ್ರಮಿಸುತ್ತವೆ. ಪ್ಯಾರಿಸ್ಸಿನ ಜ್ಯಾನ್ ದೋಸೆ 1958ರಲ್ಲಿ ಗುರುತಿಸಿದ ಬಿಳಿರಕ್ತಕಣಗಳ ಗುರುತು-ಪ್ರೋಟೀನು ಅಂಗಾಂಶಗಳನ್ನು ಹೊಂದಿಸಿ ನೋಡುವ ಪರೀಕ್ಷೆಗೆ ದಾರಿಮಾಡಿತು. 1968ರಲ್ಲಿ ಮಿನೆಸೋಟದಲ್ಲಿ ರಾಬರ್ಟ್ ಗುಡ್ ಅವರ ತಂಡ, ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿಯಿಲ್ಲದ ಶಿಶುವೊಂದಕ್ಕೆ ಸೋದರಿಯ ಮಜ್ಜೆ ನೀಡಿ ಯಶಸ್ವಿಯಾಯಿತು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 1983ರಲ್ಲಿ, ವೆಲ್ಲೂರಿನಲ್ಲಿ 1986ರಲ್ಲಿ ಈ ಚಿಕಿತ್ಸೆ ಆರಂಭವಾಯಿತು. 1990ರಲ್ಲಿ ಥಾಮಸ್ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು.

ಬದುಕಿದವರು ಕಲಿಸಿದ ಪಾಠ

ಸಾಮಾನ್ಯವಾಗಿ ಇತಿಹಾಸ ಇಲ್ಲಿಗೆ ಮುಗಿಯುತ್ತದೆ. ನಾವು ನೋಡಬೇಕಾದ ಭಾಗ ಮಾತ್ರ ಇಲ್ಲಿಂದಲೇ ಆರಂಭ. ಬದುಕಿದವರನ್ನು ಸಿಯಾಟಲ್‌ನಲ್ಲಿ ಥಾಮಸ್ ತಂಡ ವರ್ಷಗಟ್ಟಲೆ ಕರೆಸಿ ಪರೀಕ್ಷಿಸಿತು. 1979ರಲ್ಲಿ ಅಚ್ಚರಿಯ ಸಂಗತಿಯೊಂದು ಹೊರಬಿತ್ತು. ದಾನಿಯ ಕೋಶಗಳ ಆಕ್ರಮಣಕ್ಕೆ ತುತ್ತಾದವರಲ್ಲಿ ಲ್ಯುಕೇಮಿಯಾ ಮರುಕಳಿಸುವುದು ಕಡಿಮೆ! ಶತ್ರುವೆಂದುಕೊಂಡ ಕೋಶಗಳೇ ಉಳಿದ ಕ್ಯಾನ್ಸರ್ ಕೋಶಗಳನ್ನೂ ಕೊಲ್ಲುತ್ತಿದ್ದವು. 1980ರಲ್ಲಿ ಈ ಆಕ್ರಮಣದ ದೀರ್ಘಕಾಲಿಕ ರೂಪವನ್ನು ವಿವರವಾಗಿ ವರ್ಣಿಸಲಾಯಿತು. ಕಣ್ಣು, ಬಾಯಿ ಒಣಗುವುದು, ಚರ್ಮ ಬಿಗಿಯುವುದು, ಶ್ವಾಸಕೋಶ ಸೊರಗುವುದು ತಿಂಗಳುಗಳ ನಂತರವೂ ತಲೆದೋರಬಹುದು.

ವಿಕಿರಣದ ಸಾಲವೂ ನಿಧಾನವಾಗಿ ವಸೂಲಿಯಾಗುತ್ತದೆ. ಸುಮಾರು 10 ಗ್ರೇಯನ್ನು ಒಂದೇ ಬಾರಿಗೆ ಪಡೆದಿದ್ದ ಹೆಚ್ಚಿನವರಲ್ಲಿ ಕೆಲವು ವರ್ಷಗಳಲ್ಲಿ ಕಣ್ಣಿನ ಪೊರೆ ಕಾಣಿಸಿಕೊಂಡಿತು. 12 ಗ್ರೇಯನ್ನು ದಿನಕ್ಕೆರಡು ಬಾರಿ 2 ಗ್ರೇಯಂತೆ ಮೂರು ದಿನಗಳಲ್ಲಿ ಹಂಚಿ ಕೊಟ್ಟಾಗ ಈ ತೊಂದರೆ ತಗ್ಗಿತು. ಒಟ್ಟು ಪ್ರಮಾಣ ಹೆಚ್ಚಿದ್ದರೂ ಹಾನಿ ಕಡಿಮೆ, ಹೇಗೆ? ಕಂತುಗಳ ನಡುವಿನ ಬಿಡುವಿನಲ್ಲಿ ಜೀವಕೋಶಗಳು ಡಿ.ಎನ್.ಎ.ಯನ್ನು ಸರಿಪಡಿಸಿಕೊಳ್ಳುತ್ತವೆ. ಥೈರಾಯ್ಡ್ ಮಂದವಾಗುವುದು, ಮಕ್ಕಳ ಬೆಳವಣಿಗೆ ಕುಂಠಿತವಾಗುವುದು, ಬಂಜೆತನ, ಮೂಳೆ ಸವೆತ, ಎರಡನೆಯ ಕ್ಯಾನ್ಸರಿನ ಅಪಾಯ ಇವೆಲ್ಲ ತಿಳಿದದ್ದೂ ಹೀಗೆ ಕಾದು ನೋಡಿದ್ದರಿಂದಲೇ. 2006ರಲ್ಲಿ ಅಂತಾರಾಷ್ಟ್ರೀಯ ತಜ್ಞರು ಯಾವ ಪರೀಕ್ಷೆ ಯಾವಾಗ ಎಂಬ ಪಟ್ಟಿಯನ್ನು ಸಿದ್ಧಪಡಿಸಿದರು. 2012ರಲ್ಲಿ ಅದನ್ನು ಪರಿಷ್ಕರಿಸಿದರು.

ಹಾಗೆಂದು ಚಿತ್ರ ಕರಾಳವಲ್ಲ. 2011ರಲ್ಲಿ ಪ್ರಕಟವಾದ, ಹತ್ತು ಸಾವಿರಕ್ಕೂ ಹೆಚ್ಚು ಜನರ ಅಧ್ಯಯನದ ಪ್ರಕಾರ, ಕಸಿಯ ನಂತರ ಎರಡು ವರ್ಷ ರೋಗ ಮರುಕಳಿಸದೆ ಬದುಕಿದವರಲ್ಲಿ ಹತ್ತು ವರ್ಷ ದಾಟುವ ಸಾಧ್ಯತೆ ಶೇಕಡ 85ರಷ್ಟು.

ಅಧ್ಯಾಪಕರೇ, ಇಂಥ ಚಿಕಿತ್ಸೆ ಪಡೆದ ವಿದ್ಯಾರ್ಥಿ ನಿಮ್ಮ ತರಗತಿಗೆ ಮರಳಬಹುದು. ಅವನ ರಕ್ತದ ಗುಂಪು ಬದಲಾಗಿ ದಾನಿಯದ್ದಾಗಿರಬಹುದು. ಹಳೆಯ ಲಸಿಕೆಗಳ ರಕ್ಷಣೆ ಅಳಿಸಿಹೋಗಿರುವುದರಿಂದ ಎಳೆಗೂಸಿನಂತೆ ಮತ್ತೆ ಲಸಿಕೆ ಹಾಕಿಸಿಕೊಳ್ಳಬೇಕು. ದಡಾರದಂಥ ಜೀವಂತ ಲಸಿಕೆಗಳಿಗೆ ಕನಿಷ್ಠ ಎರಡು ವರ್ಷ ಕಾಯಬೇಕು. ಆತ ಬೇಗ ದಣಿದರೆ ಅದು ಸೋಮಾರಿತನವಲ್ಲ. ಪಕ್ಕದ ಬೆಂಚಿನಲ್ಲಿ ಯಾರಿಗಾದರೂ ಸೀತಾಳೆಸಿಡುಬು ಬಂದರೆ ಅವನ ಮನೆಗೆ ಆ ದಿನವೇ ತಿಳಿಸಿ. ವರ್ಷಕ್ಕೊಮ್ಮೆ ಪರೀಕ್ಷೆಗೆಂದು ಆತ ರಜೆ ಕೇಳಿದಾಗ ಗೊಣಗದೆ ಕೊಡಿ. ಅಂಥ ಭೇಟಿಗಳಿಂದಲೇ ಈ ವಿಜ್ಞಾನ ಬೆಳೆದದ್ದು.