ಅಮ್ಮನ ಹಾಡೂ ಕರಿ ಶಾಯಿಯೂ

ಅಮ್ಮನಿಗೆ ಎಂಬತ್ತು ತುಂಬುವ ದಿನ ಅವಳ ಹಸೆಹಾಡುಗಳದ್ದೊಂದು ಪುಟ್ಟ ಪುಸ್ತಕ ಮಾಡಿ ನೆಂಟರಿಗೆ ಹಂಚಬೇಕೆಂದು ನನ್ನ ಆಸೆ. ಅವಳ ಬಾಯಿಂದ ಕೇಳಿ ಬರೆದುಕೊಂಡು, ಕಂಪ್ಯೂಟರಿಗೇರಿಸಿ, ಹಿಂದಿನ ರಾತ್ರಿ ಮನೆಯ ಕಲರ್ ಪ್ರಿಂಟರಿನ ಮುಂದೆ ಕುಳಿತೆ. ನುಣುಪು ಕಾಗದದ ಮೇಲೆ ಅಮ್ಮನ ಫೋಟೋ ಸೊಗಸಾಗಿ ಬಂತು. ಒಳಪುಟಗಳಲ್ಲಿ ಮಾತ್ರ ಅಕ್ಷರಗಳೇ ಇಲ್ಲ! ಅಲ್ಲೊಂದು ಒತ್ತು, ಇಲ್ಲೊಂದು ಕೊಂಬು, ನಡುವೆ ಬಿಳಿ ಪಟ್ಟೆಗಳು.

"ಚಿತ್ರ ಬರತ್ತೆ, ಅಕ್ಷರ ಬರಲ್ಲ ಅಂದ್ರೆ ಏನೇ ಅದು?" ಎಂದಳು ಅಮ್ಮ.

ಪರೀಕ್ಷೆಯ ಪುಟ ತೆಗೆದಾಗ ಗುಟ್ಟು ತಿಳಿಯಿತು. ಬಣ್ಣದ ಗೆರೆಗಳು ನೆಟ್ಟಗಿದ್ದವು, ಕಪ್ಪು ಗೆರೆಗಳು ತುಂಡುತುಂಡು. ಇಂಥ ಯಂತ್ರಗಳಲ್ಲಿ ನುಣುಪು ಕಾಗದದ ಫೋಟೋಗೆ ನೀಲಿ, ಗುಲಾಬಿ, ಹಳದಿ ಬೆರೆತೇ ಕಪ್ಪಾಗುತ್ತದೆ. ಸಾದಾ ಕಾಗದದ ಅಕ್ಷರಕ್ಕೆ ಬೇರೆಯೇ ಕರಿ ಶಾಯಿ. ತಿಂಗಳುಗಟ್ಟಲೆ ಮುಟ್ಟದೆ ಅದರ ಸಣ್ಣ ರಂಧ್ರಗಳು ಒಣಗಿ ಕಟ್ಟಿಕೊಂಡಿದ್ದವು. 1977ರಲ್ಲಿ ಜಪಾನಿನ ಕ್ಯಾನನ್ ಕಂಪನಿಯಲ್ಲಿ ಕಾದ ಬೆಸುಗೆ ಕಡ್ಡಿಯೊಂದು ಶಾಯಿಯ ಸಿರಿಂಜಿನ ಸೂಜಿಗೆ ತಾಗಿ ಶಾಯಿ ಚಿಮ್ಮಿತಂತೆ. ಬಿಸಿಗೆ ಚಿಮ್ಮುವ ಶಾಯಿಯ ಪ್ರಿಂಟರ್ ಅಲ್ಲಿ ಹುಟ್ಟಿದ್ದು ಹಾಗೆ.

ಎರಡು ಸಲ ಶುಚಿಗೊಳಿಸುವ ಆದೇಶ ಕೊಟ್ಟೆ. ಮತ್ತೆ ಮತ್ತೆ ಕೊಟ್ಟರೆ ಶಾಯಿಯೇ ಖಾಲಿ. ಬೆಳಗಿನವರೆಗೆ ಬಿಡುವುದೇ ಮೇಲು. ಕಾಯುತ್ತಾ ಸೆನೆಫೆಲ್ಡರನ ನೆನಪಾಯಿತು. 1796ರಲ್ಲಿ ಜರ್ಮನಿಯಲ್ಲಿ ಅವನ ತಾಯಿ ಅಗಸರಿಗೆ ಹಾಕುವ ಬಟ್ಟೆಯ ಪಟ್ಟಿ ಹೇಳಿದಳಂತೆ. ಕೈಗೆ ಕಾಗದ ಸಿಗದೆ ಅವನು ಅದನ್ನು ಕಲ್ಲಿನ ಮೇಲೇ ಜಿಡ್ಡಿನ ಶಾಯಿಯಲ್ಲಿ ಗೀಚಿದ. ಅಲ್ಲಿಂದ ಮುಂದೆ ಬೆಳೆದದ್ದು ಕಲ್ಲಚ್ಚು. 1843ರ ಜುಲೈ 1ರಂದು ಮೋಗ್ಲಿಂಗರು ಹೊರತಂದ ನಮ್ಮ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಅಚ್ಚಾದದ್ದೂ ಕಲ್ಲಿನಿಂದಲೇ. ಆ ಕಲ್ಲು ಸದಾ ಒದ್ದೆಯಾಗಿರಬೇಕು; ಒಣಗಿತೋ, ಪುಟವೆಲ್ಲ ಮಸಿ. ನನ್ನದು ಒಣಗಿತು, ಪುಟವೆಲ್ಲ ಬಿಳಿ!

ಅಷ್ಟರಲ್ಲಿ ಅಮ್ಮ ಆ ಹಾಳಾದ ಪುಟ ಎತ್ತಿಕೊಂಡು, ಬಿಟ್ಟುಹೋದ ಅಕ್ಷರಗಳನ್ನು ತುಂಬುತ್ತಾ ಹಾಡತೊಡಗಿದ್ದಳು. ನಡುವೆ ನಾನು ಕೇಳಿಯೇ ಇರದ ಒಂದು ನುಡಿ ಬಂತು.

"ಇದನ್ನು ನಂಗೆ ಹೇಳಲೇ ಇಲ್ವಲ್ಲಮ್ಮ?"

"ಹಾಡದೆ ಎಷ್ಟು ವರ್ಷ ಆಯ್ತೇ, ಮರೆತೇ ಹೋಗಿತ್ತು."

ಬೆಳಿಗ್ಗೆ ಕಪ್ಪು ಗೆರೆಗಳು ಕೂಡಿದವು. ಆ ನುಡಿಯನ್ನೂ ಸೇರಿಸಿ ಅಚ್ಚು ತೆಗೆದೆ. ಈಗ ವಾರಕ್ಕೊಂದು ಪುಟ ತಪ್ಪದೆ ತೆಗೆಯುತ್ತೇನೆ. ಪುಟ ಹೊರಬರುತ್ತಿದ್ದಂತೆ ಅಮ್ಮನಿಂದ ಒಂದು ಹಾಡನ್ನೂ ಹಾಡಿಸುತ್ತೇನೆ.