ರೋಹಿಣಿ ಕೂಡುವ ಮೊದಲು: ಎರಿಸೀಮೆಯ ಸಣ್ಣ ಕೌದಿ

ಕೌದಿ ಎಷ್ಟು ದೊಡ್ಡದಿರಬೇಕು ಎಂಬುದನ್ನು ನಮ್ಮ ಎರಿಸೀಮೆಯಲ್ಲಿ ಮಳೆ ತೀರ್ಮಾನಿಸುತ್ತಿತ್ತು. ಹಿಂಗಾರಿ ಜೋಳದ ರಾಶಿ ಮನೆ ಸೇರಿ ಯುಗಾದಿ ಕಳೆದ ಮೇಲೆ ದೊಡ್ಡ ಕೌದಿಯ ಕಾಲ. ನಾಲ್ಕೈದು ಮಂದಿ ಹೆಂಗಸರು ಅಂಗಳದ ತುಂಬ ಹಾಸಿಕೊಂಡು ಸುತ್ತಲೂ ಕೂತು ಹೊಲಿಯುವರು. ಮೇ ತಿಂಗಳ ಕೊನೆಗೆ ಕೃತ್ತಿಕಾ ಮುಗಿದು ರೋಹಿಣಿ ಕೂಡುವ ಹೊತ್ತಾದರೆ ದೊಡ್ಡದನ್ನು ಯಾರೂ ಹಾಸುತ್ತಿರಲಿಲ್ಲ. ಆಗ ಕೈಗೆ ಬರುವುದು ಸಣ್ಣ ಕೌದಿ: ತೊಡೆಯ ಮೇಲೆ ಇಟ್ಟು ಹೊಲಿಯಬಹುದಾದದ್ದು, ತೊಟ್ಟಿಲ ಕೂಸಿಗೆ ಸಾಲುವಂಥದ್ದು. ಒಂದು ಒಳ್ಳೆಯ ಮಳೆ ಬಿತ್ತೆಂದರೆ ಸೂಜಿ ಚುಚ್ಚಿ, ಮಡಚಿಟ್ಟು, ಹೊಲದ ದಾರಿ ಹಿಡಿಯಬೇಕು. ಎರಿ ಭೂಮಿ ಹಸಿ ಹೆಚ್ಚಾದರೆ ಕೂರಿಗೆಗೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಬಿರಿದು ಗಡುಸಾಗುತ್ತದೆ. ನಡುವೆ ಸಿಗುವ ಹದ ಕೆಲವೇ ದಿನಗಳದ್ದು. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂದು ನಂಬಿದ ಊರಲ್ಲಿ ಆ ಹದ ತಪ್ಪಿಸಿಕೊಂಡು ಹೊಲಿಗೆ ಹಿಡಿದು ಕೂರುವ ಧೈರ್ಯ ಯಾರಿಗೂ ಇರಲಿಲ್ಲ.

ನಾನು ನವಲಗುಂದ ತಾಲೂಕಿನ, ಬೆಣ್ಣಿಹಳ್ಳದ ದಂಡೆಯ ಒಂದು ಹಳ್ಳಿಯವಳು. ಶಾಲೆಯಲ್ಲಿ ಮಕ್ಕಳಿಗೆ ಇತಿಹಾಸ ಕಲಿಸಿ ನಿವೃತ್ತಳಾದೆ. ರಾಜರ ಇಸವಿಗಳನ್ನು ಬಾಯಿಪಾಠ ಮಾಡಿಸುವಾಗಲೂ ನಮ್ಮ ಹೆಣ್ಣುಮಕ್ಕಳ ಇತಿಹಾಸ ಬೇರೆಲ್ಲೋ ಇದೆ ಅನ್ನಿಸುತ್ತಿತ್ತು. ಈಗ ಗಟ್ಟಿಯಾಗಿ ಹೇಳಬಲ್ಲೆ: ಮಳೆಗೆ ಕಾಯುವ ಆ ವಾರಗಳಲ್ಲಿ ಹೆಂಗಸರು ಮನೆತನದ ದಾಖಲೆ ಬರೆಯುತ್ತಿದ್ದರು, ಅರಿವಿಯ ಮೇಲೆ.

ಕಾಯುವುದೆಂದರೆ ಸುಮ್ಮನಿರುವುದಲ್ಲ. ಗಂಡಸರು ಹೊಲಕ್ಕೆ ಗೊಬ್ಬರ ಹೇರುತ್ತಿದ್ದರು, ಕುಂಟೆ ಹೊಡೆಯುತ್ತಿದ್ದರು. ಹೆಂಗಸರು ಜೋಳದ ಕೂಳೆ ಆಯುವುದು, ಶಾವಿಗೆ ಹೊಸೆಯುವುದು, ಸಂಡಿಗೆ ಇಡುವುದು, ವರ್ಷದ ಖಾರ ಕುಟ್ಟುವುದು ಎಲ್ಲ ಮುಗಿಸಿ, ಮಧ್ಯಾಹ್ನದ ಬಿಸಿಲಿಗೆ ಪಡಸಾಲೆಯಲ್ಲಿ ಅರಿವಿಯ ಗಂಟು ಬಿಚ್ಚುತ್ತಿದ್ದರು. ಅದರಲ್ಲಿ ಸವೆದ ಇಳಕಲ್ ಸೀರೆ, ಅಜ್ಜನ ದೋತರ, ಹರಿದ ರುಮಾಲು, ಗುಳೇದಗುಡ್ಡದ ಖಣದ ಚೂರು. ಮೆತ್ತಗಿನ ಹಳೆ ಸೀರೆ ಕೆಳಗೆ, ಅದರ ಮೇಲೆ ಎರಡು ಮೂರು ಪದರ ಹಳೆಯ ಬಟ್ಟೆ, ಎಲ್ಲಕ್ಕೂ ಮೇಲೆ ಬಣ್ಣದ ತುಂಡುಗಳು. ಆಮೇಲೆ ಒತ್ತೊತ್ತಾಗಿ, ಸಾಲಿಗೆ ಸಾಲು ಹಚ್ಚಿ ಕೈಹೊಲಿಗೆ. ಆ ಹೊಲಿಗೆಯೇ ಪದರಗಳನ್ನು ಹಿಡಿದಿಡುತ್ತದೆ. ಸಾಲು ವಿರಳವಾದರೆ ಒಗೆದಾಗ ಒಳಗಿನ ಅರಿವಿ ಮುದ್ದೆಯಾಗುತ್ತದೆ.

ಕೂಸಿನ ಕೌದಿಗೆ ಹೊಸ ಬಟ್ಟೆ ಹಾಕಲು ಆಯಿ ಒಪ್ಪುತ್ತಿರಲಿಲ್ಲ. "ನೂರು ಸರ್ತಿ ಒಗದದ್ದ ಇರಬೇಕವ್ವ, ಹೊಸಾದು ಕೂಸಿನ ಮೈಗೆ ಚುಚ್ಚತೈತಿ" ಅನ್ನುವಳು. ಆದರೆ ಚೊಚ್ಚಲ ಬಸುರಿಗೆ ಕುಬಸ ಮಾಡಿದಾಗ ಬಂದ ಖಣವನ್ನು ಹೊಲಿಸಿ ಉಳಿದ ಪಟ್ಟಿ ಮಾತ್ರ ಮೇಲಿನ ಪದರಿಗೆ ಬರಲೇಬೇಕಿತ್ತು. ಹೀಗೆ ಹುಟ್ಟಲಿರುವ ಕೂಸು ಅಜ್ಜನ ದೋತರ, ಮುತ್ತಜ್ಜಿಯ ಸೆರಗು, ತಾಯಿಯ ಕುಬಸ ಮೂರರ ಮೇಲೂ ಮಲಗುತ್ತಿತ್ತು. ಕೊನೆಯ ತುಂಡು ಮುಚ್ಚುವ ಮೊದಲು ನಮ್ಮ ಓಣಿಯಲ್ಲಿ ರೊಟ್ಟಿಯ ಚೂರೊಂದನ್ನು ಒಳಗಿಡುತ್ತಿದ್ದರು. ಕೌದಿ ಹಸಿದಿರಬಾರದು ಎಂಬುದು ಅದರ ಹಿಂದಿನ ಮಾತು. ಮಳೆ ಬರುತ್ತದೋ ಇಲ್ಲವೋ ಎಂಬ ಅಂಜಿಕೆಯಲ್ಲಿರುವ ಮನೆ ಹೊದಿಕೆಗೂ ಊಟ ಇಡುತ್ತಿತ್ತು. ಆ ನಡೆಯನ್ನು ನೆನೆದಾಗಲೆಲ್ಲ ನನಗೆ ನಮ್ಮವರ ಮೇಲೆ ಗೌರವ ಹೆಚ್ಚುತ್ತದೆ.

ಹಳೆಯ ಕೌದಿ ಜೀರ್ಣವಾದರೆ ಎಸೆಯುವುದಿಲ್ಲ, ಹೊಸದರ ಹೊಟ್ಟೆಯೊಳಗೆ ಸೇರಿಸುತ್ತಾರೆ. ಅದಕ್ಕೇ ಕೌದಿಯನ್ನು ಬಿಚ್ಚುತ್ತ ಹೋದರೆ ಹಿಂದಿನ ಕಾಲಕ್ಕೆ ಇಳಿಯಬಹುದು. ನಮ್ಮ ಮನೆಯ ಒಂದನ್ನು ದುರಸ್ತಿಗೆಂದು ಬಿಚ್ಚಿದಾಗ ಮೇಲಿದ್ದದ್ದು ಟೆರಿಕಾಟ್ ಅಂಗಿಯ ತುಂಡು, ಪಾಲಿಯೆಸ್ಟರ್ ಸೀರೆ. ಇವು 1970ರ ದಶಕದ ನಂತರ ಹಳ್ಳಿಗಳಲ್ಲಿ ತುಂಬಿಕೊಂಡ ಬಟ್ಟೆಗಳು. ಸೂಜಿಯಡಿ ಜಾರುತ್ತವೆ, ಬೆವರು ಹೀರುವುದಿಲ್ಲ. ಅದರ ಕೆಳಗೆ ಒರಟಾದ ಬಿಳಿ ಬಟ್ಟೆ. ಅವ್ವ ಮುಟ್ಟಿ ನೋಡಿ "ಇದು ಕಂಟ್ರೋಲ್ ಅರಿವಿ" ಅಂದಳು. ಎರಡನೆಯ ಮಹಾಯುದ್ಧದಲ್ಲಿ ಬಟ್ಟೆಗೆ ಬರ ಬಂದು 1943ರಲ್ಲಿ ಸರ್ಕಾರ ಹತ್ತಿಬಟ್ಟೆ ಮತ್ತು ನೂಲಿನ ಮೇಲೆ ನಿಯಂತ್ರಣ ಆಜ್ಞೆ ಹೊರಡಿಸಿತ್ತು. ಆ ದಿನಗಳ ತುಂಡು ಅದು. ಇನ್ನೂ ಕೆಳಗಿನ ಪದರದ ನೂಲು ದಪ್ಪ, ಎಳೆ ಏರುಪೇರು, ಕೈಯಲ್ಲಿ ನೂತದ್ದು.

ಆ ಕೊನೆಯ ಪದರದ ಮುಂದೆ ನಾನು ಬಹಳ ಹೊತ್ತು ಕೂತೆ. ಇದು ಹತ್ತಿ ಬೆಳೆವ ನೆಲ. ಕಂಪನಿ ಸರ್ಕಾರ 1840ರ ದಶಕದಲ್ಲಿ ಅಮೆರಿಕದ ಹತ್ತಿಬೀಜವನ್ನು ಇಲ್ಲಿಗೆ ತರಿಸಿತು; ಧಾರವಾಡ-ಅಮೆರಿಕನ್ ಎಂಬ ತಳಿ ಹೆಸರಾಯಿತು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ ಆ ದೇಶದ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತು ಧಾರವಾಡದ ಹತ್ತಿಗೆ ಚಿನ್ನದ ಬೆಲೆ ಬಂತು. ಅಂಡಿಗೆಗಳು ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಹೋದವು. 1884ರ ಧಾರವಾಡ ಗೆಜೆಟಿಯರಿನಲ್ಲಿ ಈ ಹತ್ತಿಯ ವಿವರ ಪುಟಗಟ್ಟಲೆ ಇದೆ. ಆ ಹತ್ತಿ ಬಿಡಿಸಿದ ಕೈಗಳು ಒಂದು ಸೀರೆಯನ್ನು ಉಟ್ಟು ಸವೆಸಿ, ಸವೆದದ್ದನ್ನು ಕೌದಿ ಮಾಡಿ, ಕೌದಿಯನ್ನು ಮತ್ತೊಂದು ಕೌದಿಯೊಳಗೆ ಇಟ್ಟವು. ಲಿವರ್‌ಪೂಲಿಗೆ ಹೋದ ಹತ್ತಿಯ ಲೆಕ್ಕ ಕಾಗದದಲ್ಲಿ ಉಳಿಯಿತು. ಮನೆಯಲ್ಲಿ ಉಳಿದ ಹತ್ತಿಯ ಲೆಕ್ಕ ಉಳಿದದ್ದು ಇಲ್ಲಿ.

ಈ ಕೈಕೆಲಸ ನಮ್ಮೊಬ್ಬರದ್ದಲ್ಲ. ಘಟ್ಟದ ಕಡೆ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರ ಕವಂದಿ ಇನ್ನೊಂದು ದೊಡ್ಡ ಪರಂಪರೆ. ಅವರ ಪೂರ್ವಜರಲ್ಲಿ ಅನೇಕರನ್ನು ಆಫ್ರಿಕಾದಿಂದ ಗೋವೆಗೆ ಗುಲಾಮರನ್ನಾಗಿ ತಂದವರು ಪೋರ್ಚುಗೀಸರು. ಸಿದ್ದಿಯರು ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿದ ಹೂ ಇಡದೆ ಕವಂದಿ ಪೂರ್ತಿಯಾಗದು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂವಲ್ ಇವುಗಳನ್ನು ಅಭ್ಯಾಸ ಮಾಡಿದರು; 2011ರಲ್ಲಿ ಅಮೆರಿಕದಲ್ಲಿ ಇವುಗಳ ಪ್ರದರ್ಶನವೂ ನಡೆಯಿತು. ಹೊರಗಿನವರು ಕಲೆಯೆಂದು ಗೌರವಿಸಿದ ಮೇಲಾದರೂ ನಾವು ನಮ್ಮ ಅಟ್ಟದ ಕಡೆ ತಲೆಯೆತ್ತಿ ನೋಡಬೇಕಿತ್ತು.

ನೋಡಿದವರು ಕಡಿಮೆ. ಕೊಳವೆಬಾವಿ ಇರುವ ಹೊಲಗಳಿಗೆ ಈಗ ಬೇಸಿಗೆಯ ಬಿಡುವಿಲ್ಲ. ಟ್ರ್ಯಾಕ್ಟರು ಬಿತ್ತನೆಯನ್ನು ಬೇಗ ಮುಗಿಸುತ್ತದೆ. ಸಂತೆಯಲ್ಲಿ ಗಿರಣಿಯ ಚಾದರ ಅಗ್ಗಕ್ಕೆ ಸಿಗುತ್ತದೆ. ಹುಬ್ಬಳ್ಳಿ, ಧಾರವಾಡ, ಬೆಂಗಳೂರಿನ ಅಂಗಡಿಗಳಿಗೆ ಹೊಲಿದುಕೊಡುವ ಹೆಂಗಸರಿಂದ ಕೌದಿಯ ಹೊಲಿಗೆ ಉಳಿದಿದೆ, ಅದು ಸಂತೋಷದ ವಿಷಯ. ಅಲ್ಲಿ ಹೆಚ್ಚಾಗಿ ಬಳಸುವುದು ಹೊಸ ಬಟ್ಟೆ. ಕೈಗೆ ಕೂಲಿ ಸಿಗುತ್ತದೆ. ಯಾರ ಸೆರಗು, ಯಾರ ರುಮಾಲು ಎಂಬ ದಾಖಲೆ ಮಾತ್ರ ಅಲ್ಲಿ ಬೆಳೆಯುವುದಿಲ್ಲ.

ಹಾಗಾಗಿ ಓದುಗರಲ್ಲಿ ನನ್ನದೊಂದು ಕೇಳಿಕೆ. ಮನೆಯಲ್ಲಿ ಹಳೆಯ ಕೌದಿಯಿದ್ದರೆ, ಅದರಲ್ಲೂ ತೊಟ್ಟಿಲ ಕೌದಿಯಿದ್ದರೆ, ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಪ್ರತಿ ತುಂಡು ಯಾರದು, ಯಾವ ಊರಿನ ಸಂತೆಯದು, ಯಾವ ವರ್ಷದ ಮಳೆಗೆ ಮೊದಲು ಹೊಲಿದದ್ದು ಎಂದು ಕೇಳಿ ಬರೆದಿಡಿ. ನಮ್ಮ ಊರಿನ ಶಾಲೆಗೆ ಈಗಲೂ ಹೋಗಿ ಮಕ್ಕಳಿಗೆ ಇದೇ ಕೆಲಸ ಕೊಡುತ್ತೇನೆ. ಅವರು ಬರೆದು ತಂದ ಹಾಳೆಗಳಲ್ಲಿ ಬರುವ ಹೆಣ್ಣುಮಕ್ಕಳ ಹೆಸರುಗಳು ಯಾವ ಪಾಠಪುಸ್ತಕದಲ್ಲೂ ಇಲ್ಲ.