ಪ್ರಾರ್ಥನೆ, ಪದ್ಯ, ಗುಮಟೆ: ಅಮದಳ್ಳಿ ಸೀಮೆಯ ಪ್ರೌಢಶಾಲೆಗಳಲ್ಲಿ ಸಂಗೀತ ನಡೆದುಬಂದ ಬಗೆ

ಕಾರವಾರದಿಂದ ಅಂಕೋಲೆಯತ್ತ ಸಾಗುವ ಹೆದ್ದಾರಿಯಲ್ಲಿ ಬಿಣಗಾ, ಅರ್ಗಾ, ಚೆಂಡಿಯಾ, ತೋಡೂರುಗಳನ್ನು ದಾಟಿದ ಮೇಲೆ ಸಿಗುವ ಅಮದಳ್ಳಿಯು ವೀರ ಗಣಪತಿ ದೇವಸ್ಥಾನದಿಂದ ಹೆಸರಾದ ಊರು. ಆಡಳಿತದ ಲೆಕ್ಕದಲ್ಲಿ ಅದು ಕಾರವಾರ ತಾಲೂಕಿಗೆ ಸೇರಿದ್ದರೂ ಬದುಕಿನ ರೂಢಿಯಲ್ಲಿ ಅಂಕೋಲೆಗೂ ಅಷ್ಟೇ ಹತ್ತಿರವಾದುದು. ಕಡಲು ಮತ್ತು ಸಹ್ಯಾದ್ರಿಯ ಚಾಚುಗಳ ನಡುವಿನ ಈ ಕಿರಿದಾದ ಪಟ್ಟಿಯಲ್ಲಿ ಕೊಂಕಣಿ ಮನೆಮಾತಾಗಿರುವ ಕುಟುಂಬಗಳು, ತಮ್ಮದೇ ಬಗೆಯ ಕನ್ನಡವನ್ನಾಡುವ ಹಾಲಕ್ಕಿ ಒಕ್ಕಲಿಗರು, ಮೀನುಗಾರಿಕೆಯ ಸಮುದಾಯಗಳು ನೆರೆಹೊರೆಯಾಗಿ ಬಾಳುತ್ತ ಬಂದಿವೆ. ಆದ್ದರಿಂದ ಇಲ್ಲಿನ ಪ್ರೌಢಶಾಲೆಯ ಹೊಸ್ತಿಲು ತುಳಿಯುವ ಮಗುವು ಸಂಗೀತವನ್ನರಿಯದೆ ಬರುವುದಿಲ್ಲ: ಹಾರ್ಮೋನಿಯಂ ಮತ್ತು ತಾಳಗಳೊಡನೆ ಹಾಡುವ ಭಜನೆ, ಮರಾಠಿ ಸಂತರ ಅಭಂಗ, ಸುಗ್ಗಿಯ ಕಾಲದ ಗುಮಟೆಯೆಂಬ ಮಣ್ಣಿನ ವಾದ್ಯದ ಬಡಿತ, ರಾತ್ರಿಯಿಡೀ ನಡೆಯುವ ಯಕ್ಷಗಾನದ ಭಾಗವತಿಕೆ ಇವೆಲ್ಲ ಅದರ ಕಿವಿಯಲ್ಲಿ ಆಗಲೇ ನೆಲೆಸಿರುತ್ತವೆ. ಇಷ್ಟು ಸಂಪನ್ನವಾದ ಪರಿಸರದ ನಡುವೆ ತಲೆಯೆತ್ತಿದ ಶಾಲೆಗಳು ಸಂಗೀತವನ್ನು ಒಂದು ಪಾಠವಾಗಿ ಸ್ವೀಕರಿಸಲು ಎಂದೂ ಪೂರ್ಣಮನಸ್ಸು ಮಾಡಲಿಲ್ಲವೆಂಬುದು ಈ ಚರಿತ್ರೆಯ ಮುಖ್ಯ ಸಂಗತಿ. ಸಂಗೀತವು ಶಾಲೆಯೊಳಗೆ ಬಂದದ್ದು ಬಹುಪಾಲು ಹಿತ್ತಲ ಬಾಗಿಲಿನಿಂದ.

ಉತ್ತರ ಕನ್ನಡವು 1862ರಲ್ಲಿ ಮದ್ರಾಸ್ ಪ್ರಾಂತದಿಂದ ಬೇರ್ಪಟ್ಟು ಮುಂಬಯಿ ಪ್ರಾಂತಕ್ಕೆ ಸೇರಿತು. ಈ ವರ್ಗಾವಣೆಯು ಜಿಲ್ಲೆಯ ಸಂಗೀತಾಭಿರುಚಿಯ ದಿಕ್ಕನ್ನು ಗಟ್ಟಿಗೊಳಿಸಿತೆಂದು ಹೇಳಬಹುದು. ದಕ್ಷಿಣ ಕನ್ನಡವು ಮದ್ರಾಸಿನಲ್ಲಿಯೇ ಉಳಿದು ಕರ್ನಾಟಕ ಸಂಗೀತದತ್ತ ಒಲಿದರೆ, ಕಾರವಾರ ಮತ್ತು ಅಂಕೋಲೆಗಳ ವಿದ್ಯಾವಂತ ಮನೆಗಳು ಮುಂಬಯಿ, ಪುಣೆ, ಧಾರವಾಡಗಳ ಕಡೆಗೆ ಮುಖಮಾಡಿ ಹಿಂದೂಸ್ತಾನಿ ಪದ್ಧತಿಗೂ ಮರಾಠಿ ಸಂಗೀತ ನಾಟಕದ ಪದಗಳಿಗೂ ಕಿವಿಗೊಟ್ಟವು. ಆ ಕಾಲದ ಹೈಸ್ಕೂಲೆಂದರೆ ಮುಂಬಯಿ ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಶನ್ ಪರೀಕ್ಷೆಗೆ ಹುಡುಗರನ್ನು ಸಿದ್ಧಗೊಳಿಸುವ ಜಾಗವಾಗಿದ್ದು, ಇಂಗ್ಲಿಷ್, ಗಣಿತ, ಸಂಸ್ಕೃತಗಳ ನಡುವೆ ಹಾಡಿಗೆ ಅಲ್ಲಿ ಸ್ಥಳವಿರಲಿಲ್ಲ. ಹಾಡು ಕುಲೀನ ಕುಟುಂಬಗಳಿಗೆ ತಕ್ಕುದಲ್ಲವೆಂಬ ಅಂದಿನ ಭಾವನೆಯೂ ಈ ಕೊರತೆಗೆ ಕಾರಣವಾಗಿತ್ತು.

ಆ ಭಾವನೆಯನ್ನು ಅಲುಗಿಸಿದವರಲ್ಲಿ ಪಂ. ವಿಷ್ಣು ದಿಗಂಬರ ಪಲುಸ್ಕರರು ಮೊದಲಿಗರು. ಅವರು 1901ರಲ್ಲಿ ಲಾಹೋರಿನಲ್ಲಿ ಸ್ಥಾಪಿಸಿದ ಗಾಂಧರ್ವ ಮಹಾವಿದ್ಯಾಲಯವು 1908ರಲ್ಲಿ ಮುಂಬಯಿಗೂ ವಿಸ್ತರಿಸಿತು. ಗುರುವಿನ ಮನೆಯಲ್ಲಿ ವರ್ಷಗಟ್ಟಲೆ ಸೇವೆ ಮಾಡಿ ಕಲಿಯುತ್ತಿದ್ದ ವಿದ್ಯೆಯನ್ನು ತರಗತಿ, ಪಠ್ಯಪುಸ್ತಕ ಮತ್ತು ಪರೀಕ್ಷೆಗಳ ಚೌಕಟ್ಟಿಗೆ ತಂದದ್ದು ಅವರ ಸಾಧನೆ. ಅದಕ್ಕೆ ಬೇಕಾದ ಸಾಧನವೇ ಸ್ವರಲಿಪಿ, ಎಂದರೆ ಹಾಡಿನ ಸ್ವರ ಮತ್ತು ಕಾಲಪ್ರಮಾಣಗಳನ್ನು ಚಿಹ್ನೆಗಳ ಮೂಲಕ ಬರೆದಿಡುವ ಕ್ರಮ. ಇದೇ ಕಾಲಘಟ್ಟದಲ್ಲಿ ಪಂ. ವಿಷ್ಣು ನಾರಾಯಣ ಭಾತಖಂಡೆಯವರೂ ಮತ್ತೊಂದು ಸ್ವರಲಿಪಿಯನ್ನು ರೂಪಿಸಿದರು. ಪಲುಸ್ಕರರ ಶಿಷ್ಯರು ಅವರ ನಿಧನಾನಂತರ 1931ರಲ್ಲಿ ಕಟ್ಟಿದ ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲವು ಪ್ರಾರಂಭಿಕ, ಪ್ರವೇಶಿಕಾ, ಮಧ್ಯಮಾ, ವಿಶಾರದ ಎಂಬ ಮೆಟ್ಟಿಲುಗಳ ಪರೀಕ್ಷೆಗಳನ್ನು ನಡೆಸುತ್ತ ಬಂದಿದೆ. ಇತ್ತ ಧಾರವಾಡದ ಟ್ರೇನಿಂಗ್ ಕಾಲೇಜು ಮುಂಬಯಿ ಪ್ರಾಂತದ ಕನ್ನಡ ಭಾಗಕ್ಕೆ ಶಿಕ್ಷಕರನ್ನು ಸಿದ್ಧಗೊಳಿಸುತ್ತಿದ್ದ ಸಂಸ್ಥೆಯಾಗಿದ್ದು, ಪಂ. ಭಾಸ್ಕರಬುವಾ ಬಖಲೆಯವರಂಥ ಮಹಾಗಾಯಕರು ಅಲ್ಲಿ ಕೆಲಕಾಲ ಸಂಗೀತ ಶಿಕ್ಷಕರಾಗಿದ್ದರು. ನಾಳೆ ಹಳ್ಳಿಗೆ ಹೋಗಿ ಪಾಠ ಹೇಳುವವನು ಸ್ವರದಲ್ಲಿ ನಿಲ್ಲಬಲ್ಲವನಾಗಬೇಕೆಂಬ ಆ ಎಣಿಕೆಯು ಮುಂದಿನ ಕಾಲದಲ್ಲಿ ಹಾಗೆಯೇ ಉಳಿದಿದ್ದರೆ ಕನ್ನಡ ಶಾಲೆಗಳ ಚರಿತ್ರೆ ಬೇರೆಯಾಗುತ್ತಿತ್ತು.

ಸ್ವಾತಂತ್ರ್ಯ ಚಳವಳಿಯು ಶಾಲೆಯ ವಯಸ್ಸಿನ ಹುಡುಗ ಹುಡುಗಿಯರ ಬಾಯಿಗೆ ಸಾಮೂಹಿಕ ಗಾಯನವನ್ನು ತಂದಿತು. ಅಂಕೋಲೆಯು 1930ರ ಉಪ್ಪಿನ ಸತ್ಯಾಗ್ರಹದಿಂದಲೂ ಅನಂತರದ ಕರನಿರಾಕರಣೆಯಿಂದಲೂ ಕರ್ನಾಟಕದ ಬಾರ್ಡೋಲಿಯೆನಿಸಿಕೊಂಡ ತಾಲೂಕು. ಬೆಳಗಿನ ಜಾವ ಬೀದಿಬೀದಿಗಳಲ್ಲಿ ಹಾಡುತ್ತ ಸಾಗುವ ಪ್ರಭಾತ ಫೇರಿಯೂ ಧ್ವಜವಂದನೆಯ ಗೀತೆಗಳೂ ಅಂದು ಸಭೆಯ ಅಲಂಕಾರಗಳಾಗಿರದೆ ಹೋರಾಟದ ಅಂಗಗಳೇ ಆಗಿದ್ದವು. 1923ರಲ್ಲಿ ಡಾ. ನಾ.ಸು. ಹರ್ಡೀಕರರು ಕಟ್ಟಿ ಹುಬ್ಬಳ್ಳಿಯಿಂದ ನಡೆಸಿದ ಹಿಂದೂಸ್ತಾನಿ ಸೇವಾದಳವು ಕವಾಯತಿನೊಂದಿಗೆ ಒಕ್ಕೊರಲಿನ ಹಾಡನ್ನೂ ಕಲಿಸಿತು. ಅದರ ಉತ್ತರಾಧಿಕಾರಿಯಾದ ಭಾರತ ಸೇವಾದಳವು ಸ್ವಾತಂತ್ರ್ಯಾನಂತರವೂ ಈ ಭಾಗದ ಶಾಲೆಗಳಲ್ಲಿ ಉಳಿಯಿತು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಬಾಲಕಿ ಗಂಗೂಬಾಯಿ ಹಾನಗಲ್ಲರು ಗಾಂಧೀಜಿಯವರೆದುರು ಹಾಡಿದುದು ಇದೇ ಯುಗದ ಘಟನೆ. ಗಾಂಧೀಜಿಯವರ ಆಶ್ರಮದ ಪ್ರಾರ್ಥನೆಗೆ ರಾಗಗಳನ್ನು ಹೊಂದಿಸಿದ ಪಂ. ನಾರಾಯಣ ಮೋರೇಶ್ವರ ಖರೆಯವರು ಪಲುಸ್ಕರರ ಶಿಷ್ಯರಾಗಿದ್ದುದರಿಂದ, ಶಾಲಾ ಪ್ರಾರ್ಥನೆಯ ರೂಢಿಗೂ ಗಾಂಧರ್ವ ಪರಂಪರೆಗೂ ಒಂದು ನೇರ ನಂಟುಂಟು. 1937ರ ವಾರ್ಧಾ ಶಿಕ್ಷಣ ಯೋಜನೆಯಂತೂ ಕೈಕಸುಬು, ಮಾತೃಭಾಷೆಗಳೊಂದಿಗೆ ಸಂಗೀತವನ್ನೂ ಪಠ್ಯಕ್ರಮದಲ್ಲಿಯೇ ಸೇರಿಸಿತ್ತು.

ಕಾರವಾರಕ್ಕೆ ಈ ವಿಷಯದಲ್ಲಿ ಇನ್ನೊಂದು ಸಂಬಂಧವೂ ಇದೆ. 1883ರ ಸುಮಾರಿಗೆ, ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ತಂಗಿದ್ದ ತರುಣ ರವೀಂದ್ರನಾಥ ಠಾಕೂರರು ‘ಪ್ರಕೃತಿರ ಪ್ರತಿಶೋಧ’ ನಾಟಕವನ್ನು ಇಲ್ಲಿಯೇ ಬರೆದರು. ಮುಂದೆ 1901ರಲ್ಲಿ ಅವರು ಆರಂಭಿಸಿದ ಶಾಂತಿನಿಕೇತನದ ಶಾಲೆಯಲ್ಲಿ ಹಾಡು ದಿನಚರಿಯ ಭಾಗವಾಯಿತು. ಋತುವಿಗೊಂದು ಉತ್ಸವ, ಉತ್ಸವಕ್ಕೆ ತಕ್ಕ ಹಾಡು ಎಂಬ ಕ್ರಮ ಅಲ್ಲಿ ಬೆಳೆಯಿತು. ಠಾಕೂರರ ಹೆಸರನ್ನು ಕಡಲತೀರಕ್ಕೆ ಇಟ್ಟುಕೊಂಡ ಪಟ್ಟಣವು ಅವರ ಶಿಕ್ಷಣಕ್ರಮದ ಈ ಅಂಶವನ್ನು ತನ್ನ ಶಾಲೆಗಳಿಗೆ ತಂದುಕೊಳ್ಳದಿರುವುದು ವಿಷಾದದ ಸಂಗತಿ.

ಗ್ರಾಮೀಣ ಪ್ರೌಢಶಿಕ್ಷಣದ ನಿಜವಾದ ವಿಸ್ತರಣೆ ಸ್ವಾತಂತ್ರ್ಯಾನಂತರದ್ದು. ಅಂಕೋಲಾ ತಾಲೂಕಿನ ಅಲಗೇರಿಯವರಾದ ದಿನಕರ ದೇಸಾಯಿಯವರು (1909–1982) 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ, ಜನತಾ ವಿದ್ಯಾಲಯಗಳ ಮೂಲಕ ರೈತರ ಮತ್ತು ಮೀನುಗಾರರ ಮಕ್ಕಳಿಗೆ ಹೈಸ್ಕೂಲನ್ನು ನಡೆದುಹೋಗುವಷ್ಟು ಹತ್ತಿರಕ್ಕೆ ತಂದರು. ಚೌಪದಿಗಳಿಂದ ಪ್ರಸಿದ್ಧರಾದ ಅವರು ಮಕ್ಕಳಿಗಾಗಿ ಬರೆದ ಪದ್ಯಗಳೂ, ಅವುಗಳಲ್ಲಿ ವಿಶೇಷವಾಗಿ ಗಡಿಯಾರವನ್ನು ಕುರಿತದ್ದು, ನಾಡಿನ ತಲೆಮಾರುಗಳ ನಾಲಿಗೆಯ ಮೇಲೆ ಉಳಿದಿವೆ. ಸಂಸ್ಥೆಯನ್ನು ಕಟ್ಟಿದವರೇ ಹಾಡುಗಬ್ಬದ ಕವಿಯಾಗಿದ್ದರೂ ಆ ಕಾಲದ ಅನುದಾನದ ನಿಯಮಗಳಲ್ಲಿ ಹಳ್ಳಿಯ ಹೈಸ್ಕೂಲಿಗೆ ಸಂಗೀತ ಶಿಕ್ಷಕರೊಬ್ಬರು ದೊರೆಯುವುದು ಸುಲಭವಿರಲಿಲ್ಲ. 1952–53ರ ಮುದಲಿಯಾರ್ ಆಯೋಗವು ಮಾಧ್ಯಮಿಕ ಹಂತದಲ್ಲಿ ಸೂಚಿಸಿದ ಏಳು ಐಚ್ಛಿಕ ವಿಷಯಗುಂಪುಗಳಲ್ಲಿ ಲಲಿತಕಲೆಗಳದೂ ಒಂದಾಗಿತ್ತು. ಆದರೆ ವಿಜ್ಞಾನ ಶಿಕ್ಷಕರೇ ಸಾಲದಿದ್ದ ಶಾಲೆಗಳಿಗೆ ಅದು ಎಟುಕದ ಮಾತಾಯಿತು. 1956ರಲ್ಲಿ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿದ ಮೇಲೆ ಪಠ್ಯಪುಸ್ತಕಗಳೂ ಪರೀಕ್ಷೆಗಳೂ ಬದಲಾದವು, ಸಂಗೀತದ ಸ್ಥಾನ ಬದಲಾಗಲಿಲ್ಲ.

ಹೀಗಿದ್ದೂ ಪಾಠದ ಒಳಗೆ ಸಂಗೀತವು ಜೀವಂತವಾಗಿದ್ದ ಒಂದು ಎಡೆ ಇತ್ತು. ಅದು ಕನ್ನಡದ ಪದ್ಯಪಾಠ. ಶಿಕ್ಷಣದ ಚರಿತ್ರಕಾರರು ಇದನ್ನು ಸಾಕಷ್ಟು ಗಮನಿಸಿಲ್ಲವಾದರೂ ಸಂಗೀತವೆಂಬ ವಿಷಯವೇ ಇಲ್ಲದ ಶಾಲೆಯಲ್ಲಿ ಲಯದ ಶಿಕ್ಷಣ ನಡೆದದ್ದು ಇಲ್ಲಿಯೇ. ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ತೆಗೆದುಕೊಂಡರೆ, ಆರು ಸಾಲುಗಳ ಆ ಪದ್ಯದ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಎರಡು ಸಲ ಆವರ್ತಿಸಿ ಹದಿನಾಲ್ಕು ಮಾತ್ರೆಗಳಾಗುತ್ತವೆ. ಮೂರನೆಯ ಮತ್ತು ಆರನೆಯ ಸಾಲುಗಳಲ್ಲಿ ಅದೇ ನಡೆ ಮೂರು ಸಲ ಬಂದು ಕೊನೆಗೊಂದು ಗುರು ಸೇರಿ ಇಪ್ಪತ್ಮೂರಾಗುತ್ತವೆ. ಮಾತ್ರೆಯೆಂದರೆ ಒಂದು ಹ್ರಸ್ವಾಕ್ಷರವನ್ನು ಉಚ್ಚರಿಸುವ ಕಾಲ. ಗುರುವಿಗೆ ಅಂಥ ಎರಡು. ಮೂರು ಮತ್ತು ನಾಲ್ಕು ಕೂಡಿದ ಈ ಏಳರ ನಡೆಯನ್ನು ಸಂಗೀತಗಾರರು ಮಿಶ್ರಲಯವೆನ್ನುತ್ತಾರೆ. ಯಕ್ಷಗಾನ ಪ್ರಸಂಗಗಳಲ್ಲಿ ಭಾಮಿನಿ ಷಟ್ಪದಿಗಳು ಹೇರಳವಾಗಿರುವುದರಿಂದ, ಹಿಂದಿನ ರಾತ್ರಿ ಆಟ ನೋಡಿ ನಿದ್ದೆಗಣ್ಣಿನಲ್ಲಿ ಬಂದ ಹುಡುಗನಿಗೆ ಪಠ್ಯಪುಸ್ತಕದ ಪದ್ಯವು ಅಪರಿಚಿತವೆನಿಸುತ್ತಿರಲಿಲ್ಲ. ಕೊಂಕಣಿ ಮನೆಮಾತಿನ ಮಕ್ಕಳಿಗಂತೂ ನಡುಗನ್ನಡದ ಕಠಿಣ ಪದಗಳು ಅರ್ಥಕ್ಕಿಂತ ಮೊದಲು ಧಾಟಿಯಾಗಿ ಒಲಿಯುತ್ತಿದ್ದವು. ರಾಗವಾಗಿ ಓದಿ, ಮಕ್ಕಳಿಂದ ಒಟ್ಟಾಗಿ ಹೇಳಿಸಿ, ಆಮೇಲೆ ಪದ ಬಿಡಿಸುವ ಕನ್ನಡ ಪಂಡಿತರೇ ಹಳ್ಳಿಯ ಹೈಸ್ಕೂಲಿನ ಸಂಗೀತ ಮೇಷ್ಟರಾಗಿದ್ದರೆಂದರೆ ಉತ್ಪ್ರೇಕ್ಷೆಯಲ್ಲ. ಪರೀಕ್ಷೆಯ ಪ್ರಶ್ನೋತ್ತರಗಳ ಒತ್ತಡದಲ್ಲಿ ಪದ್ಯವನ್ನು ಗದ್ಯದಂತೆ ಓದಿ ಮುಗಿಸುವ ರೂಢಿ ಬಂದಾಗ ಶಾಲೆಯು ಕಳೆದುಕೊಂಡದ್ದು ದೊಡ್ಡದು.

ಪಾಠದ ಹೊರಗೆ ಅವಕಾಶಗಳು ಹೆಚ್ಚಿದ್ದವು. ಬೆಳಗಿನ ಪ್ರಾರ್ಥನೆ, ಶಾಲೆಯ ಗಣೇಶೋತ್ಸವ, ಶಾರದಾ ಪೂಜೆಯ ಭಜನೆ, ವರ್ಷಕ್ಕೊಮ್ಮೆ ನಡೆಯುವ ಸ್ನೇಹ ಸಮ್ಮೇಳನ ಇವೆಲ್ಲ ಹಾಡುವ ಸಂದರ್ಭಗಳೇ. ಊರಿನವರ ಬಾಯಲ್ಲಿ ಗ್ಯಾದರಿಂಗ್ ಎಂದೇ ಕರೆಯಲ್ಪಡುವ ಈ ಸಮ್ಮೇಳನಕ್ಕೆ ಊರಿನ ಭಜನಾ ಮಂಡಳಿಯ ಹಾರ್ಮೋನಿಯಂ ಬರುತ್ತಿತ್ತು, ತಬಲಾ ನುಡಿಸಬಲ್ಲ ಹಿರಿಯ ವಿದ್ಯಾರ್ಥಿಯೊಬ್ಬ ಬರುತ್ತಿದ್ದ, ಕೆಲವು ವಾರ ಶಾಲೆಯ ಸಂಜೆಗಳು ತಾಲೀಮಿನಲ್ಲಿ ತುಂಬಿರುತ್ತಿದ್ದವು. 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿಯು ಶಾಸ್ತ್ರೀಯ ಸಂಗೀತವನ್ನೂ ಭಾವಗೀತೆಗಳನ್ನೂ ಪ್ರಸಾರ ಮಾಡಿ ಇಂಥ ವೇದಿಕೆಗಳಿಗೆ ಹೊಸ ಹಾಡುಗಳನ್ನು ಒದಗಿಸಿತು. ಪ್ರಾರ್ಥನಾ ಸಭೆಯ ಹಾಡಿಗೆ ಅನಂತರ ಸರ್ಕಾರದ ನಿಗದಿಯೂ ಬಂದಿತು: ಕುವೆಂಪು ಅವರ ಗೀತೆಯು 2004ರಲ್ಲಿ ಅಧಿಕೃತ ನಾಡಗೀತೆಯಾಗಿ, 2022ರಲ್ಲಿ ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ಎರಡು ನಿಮಿಷ ಮೂವತ್ತು ಸೆಕೆಂಡುಗಳಲ್ಲಿ ಅದನ್ನು ಹಾಡಬೇಕೆಂಬ ಆದೇಶ ಹೊರಟಿತು. ರಾಜ್ಯದ ಎಲ್ಲ ಮಕ್ಕಳೂ ಪ್ರತಿದಿನ ಹಾಡುವ ಹಾಡಿಗೆ ಧಾಟಿಯನ್ನು ಗೊತ್ತುಪಡಿಸಿದ ವ್ಯವಸ್ಥೆಯು ಅದನ್ನು ಶ್ರುತಿಬದ್ಧವಾಗಿ ಕಲಿಸುವವರನ್ನು ಮಾತ್ರ ಬಹುತೇಕ ಶಾಲೆಗಳಿಗೆ ಕೊಡಲಿಲ್ಲ.

ಕಲಿಯಲೇಬೇಕೆಂಬ ಮಕ್ಕಳು ಶಾಲೆ ಮುಗಿದ ಮೇಲೆ ಪಟ್ಟಣದ ಖಾಸಗಿ ತರಗತಿಗಳನ್ನು ಆಶ್ರಯಿಸಬೇಕಾಯಿತು. ಅವರಿಗೆ ಎರಡು ದಾರಿಗಳಿದ್ದವು: ಒಂದು ಗಾಂಧರ್ವ ಮಂಡಲದ ಪರೀಕ್ಷೆಗಳು, ಇನ್ನೊಂದು ಕರ್ನಾಟಕ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿಯು ನಡೆಸುತ್ತ ಬಂದ ಜೂನಿಯರ್, ಸೀನಿಯರ್ ಮತ್ತು ವಿದ್ವತ್ ಪರೀಕ್ಷೆಗಳು. ಪ್ರೌಢಶಾಲೆಯ ಅಂತಿಮ ಪರೀಕ್ಷೆಯನ್ನು ನಡೆಸುವ ಮಂಡಳಿಯೇ ಸಂಗೀತದ ಪರೀಕ್ಷೆಯನ್ನೂ ನಡೆಸುತ್ತಿದ್ದು, ಪ್ರೌಢಶಾಲೆಗಳಲ್ಲಿ ಮಾತ್ರ ಅದನ್ನು ಕಲಿಸುವ ವ್ಯವಸ್ಥೆಯಿಲ್ಲದಿದ್ದುದು ವಿಚಿತ್ರವಾದ ವಿಭಜನೆ. ಅಮದಳ್ಳಿಯಂಥ ಊರಿನ ಮಗುವಿಗೆ ಸಂಗೀತ ತರಗತಿಯೆಂದರೆ ಬಸ್ಸಿನ ಪ್ರಯಾಣ ಮತ್ತು ಶುಲ್ಕ, ಎಂದರೆ ಪೋಷಕರ ಅನುಕೂಲಕ್ಕೆ ಒಳಪಟ್ಟ ವಿದ್ಯೆ.

ಯಕ್ಷಗಾನವು ಈ ಕೊರತೆಯನ್ನು ತನ್ನದೇ ರೀತಿಯಲ್ಲಿ ತುಂಬಿಕೊಂಡಿತು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಕಟ್ಟಿದರೆ, ಅವರ ಮಗ ಶಂಭು ಹೆಗಡೆಯವರು 1986ರಲ್ಲಿ ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಶ್ರೀಮಯ ಕಲಾಕೇಂದ್ರವನ್ನು ಆರಂಭಿಸಿ ಭಾಗವತಿಕೆ, ಮದ್ದಲೆ, ಚಂಡೆ, ಕುಣಿತಗಳಿಗೆ ಕ್ರಮಬದ್ಧ ತರಬೇತಿಯ ರೂಪ ಕೊಟ್ಟರು. ಪರಂಪರೆಯ ಕಲೆಯನ್ನು ತರಗತಿಯಲ್ಲಿ ಕಲಿಸಲಾಗದೆಂಬ ಆಕ್ಷೇಪಕ್ಕೆ ಜಿಲ್ಲೆಯೊಳಗೇ ಸಿಗುವ ಉತ್ತರವಿದು.

ಹಾಲಕ್ಕಿಗಳ ಹಾಡಿಗೆ ಅಂಥ ಕೇಂದ್ರದ ಆಸರೆ ದೊರೆಯಲಿಲ್ಲ. ಸುಗ್ಗಿ ಕುಣಿತದಲ್ಲಿ ತುರಾಯಿ ತೊಟ್ಟ ಗಂಡಸರು ಗುಮಟೆ, ಜಾಗಟೆಗಳ ಲಯಕ್ಕೆ ಕುಣಿದರೆ, ಮದುವೆ, ನಾಟಿ, ಬೀಸುವಿಕೆಗಳ ಹಾಡುಗಳು ಹೆಂಗಸರ ಕಂಠದಲ್ಲಿ ಉಳಿದುಬಂದವು. ಅಂಕೋಲಾ ತಾಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರು ಶಾಲೆಯ ಮೆಟ್ಟಿಲು ಹತ್ತದೆಯೇ ಈ ಹಾಡುಗಳ ಅಪಾರ ಭಂಡಾರವನ್ನು ನೆನಪಿನಲ್ಲಿ ಹೊತ್ತು, ಸಾರಾಯಿಯ ವಿರುದ್ಧದ ಹೋರಾಟದಲ್ಲಿಯೂ ಮುಂದೆ ನಿಂತು, 2017ರಲ್ಲಿ ಪದ್ಮಶ್ರೀ ಪುರಸ್ಕೃತರಾದರು. ಇಂಥ ಹಾಡು ಶಾಲೆಗೆ ಮರಳಿ ಬಂದದ್ದು ಸ್ಪರ್ಧೆಯಾಗಿ. ಈ ಶತಮಾನದ ಆರಂಭದಲ್ಲಿ ಶಿಕ್ಷಣ ಇಲಾಖೆಯು ತಂದ ಪ್ರತಿಭಾ ಕಾರಂಜಿಯಲ್ಲಿ ಭಾವಗೀತೆ, ಭಕ್ತಿಗೀತೆ, ಗಝಲ್, ಖವ್ವಾಲಿಗಳ ಜೊತೆಗೆ ಜಾನಪದ ಗೀತೆ ಮತ್ತು ನೃತ್ಯಗಳೂ ಸೇರಿದವು. ಹಳ್ಳಿಯ ಮಕ್ಕಳಿಗೆ ಅದು ತಾಲೂಕು, ಜಿಲ್ಲೆ, ರಾಜ್ಯದ ವೇದಿಕೆಗಳನ್ನು ತೆರೆದದ್ದು ನಿಜವಾದ ಉಪಕಾರ. ಆದರೆ ಗಂಟೆಗಟ್ಟಲೆ ಬೆಳೆಯುವ ಹಾಡು ಅಲ್ಲಿ ಕೆಲವೇ ನಿಮಿಷಗಳ ಪ್ರದರ್ಶನವಾಗುತ್ತದೆ. ಆಯ್ಕೆಯಾದ ಒಂದಿಬ್ಬರು ಹಾಡುತ್ತಾರೆ, ಉಳಿದ ತರಗತಿ ಚಪ್ಪಾಳೆ ತಟ್ಟುತ್ತದೆ. ಎಲ್ಲರೂ ಸೇರಿ ಹಾಡುವುದೇ ಸ್ವಭಾವವಾದ ಪರಂಪರೆಗೆ ಇದು ತಕ್ಕ ಆಶ್ರಯವಲ್ಲ.

ಹಾಡಿಗೆ ಆಸರೆಯಾಗಿದ್ದ ಊರುಗಳೂ ಈ ನಡುವೆ ಕದಲಿದವು. ಕಡಲು ಮತ್ತು ಸಹ್ಯಾದ್ರಿಯ ನಡುವಿನ ಇದೇ ಕಿರಿದಾದ ಪಟ್ಟಿಯಲ್ಲಿ 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆಯಾಗಿ, 2005ರಲ್ಲಿ ಆ ನೆಲೆಯು ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಕಾರ್ಯಾರಂಭ ಮಾಡುವುದರೊಳಗೆ ಕಡಲಂಚಿನ ಅನೇಕ ಊರುಗಳ ಕುಟುಂಬಗಳು ಪುನರ್ವಸತಿ ಕೇಂದ್ರಗಳಿಗೆ ಸರಿಯಬೇಕಾಯಿತು. ಭಜನಾ ಮಂಡಳಿಯಾಗಲಿ ಸುಗ್ಗಿಯ ಮೇಳವಾಗಲಿ ಒಂದು ಕೇರಿಗೆ, ಒಂದು ಗುಡಿಗೆ, ಒಂದು ಅಂಗಳಕ್ಕೆ ಹೊಂದಿಕೊಂಡು ಬಾಳುವ ಕೂಟಗಳಾದುದರಿಂದ, ಕೇರಿ ಚದುರಿದ ಮೇಲೆ ಬೇರೆ ಬೇರೆ ಊರುಗಳಿಂದ ಬಂದ ಮಕ್ಕಳು ದಿನವೂ ಕೂಡುವ ಜಾಗವಾಗಿ ಉಳಿಯುವುದು ಪ್ರೌಢಶಾಲೆಯೊಂದೇ. ಹಳೆಯ ವ್ಯವಸ್ಥೆಯಲ್ಲಿ ಶಾಲೆಯ ಹೊರಗೆ ಸಂಗೀತ ತಾನಾಗಿ ಸಿಗುತ್ತದೆಂಬ ನಂಬಿಕೆಗೆ ಆಧಾರವಿತ್ತು. ಈಗ ಆ ಆಧಾರ ತೆಳುವಾಗಿದೆ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲಾಶಿಕ್ಷಣವನ್ನು ಒಂದು ವಿಷಯವಾಗಿಯೇ ಕಲಿಸಬೇಕೆಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಸ್ಥಳೀಯ ಕಲಾವಿದರನ್ನು ಶಾಲೆಗಳಿಗೆ ಬೋಧಕರಾಗಿ ಕರೆತರುವ ಮಾತನ್ನಾಡಿತು. ಆ ನೀತಿಯ ಬದಲಿಗೆ ಕರ್ನಾಟಕವು 2023ರಲ್ಲಿ ತನ್ನದೇ ರಾಜ್ಯ ಶಿಕ್ಷಣ ನೀತಿಗಾಗಿ ಆಯೋಗವನ್ನು ರಚಿಸಿತಾದರೂ, ಸ್ಥಳೀಯ ಕಲಾವಿದರ ವಿಷಯವನ್ನು ಕೈಬಿಡಲು ಕಾರಣವಿಲ್ಲ. ಗುಮಟೆಯ ವಿಷಯದಲ್ಲಿಯಂತೂ ಅಡ್ಡಿಯೇ ಉಳಿದಿಲ್ಲ. ಎರಡೂ ಕಡೆ ಬಾಯುಳ್ಳ ಈ ಮಣ್ಣಿನ ವಾದ್ಯದ ಒಂದು ಬಾಯಿಗೆ ಹಿಂದೆ ಉಡದ ಚರ್ಮವನ್ನು ಬಿಗಿಯುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಅದು ನಿಷಿದ್ಧವಾದ ಮೇಲೆ ಆಡಿನ ಚರ್ಮದ ಬಳಕೆ ಬಂದಿದೆ, ನೆರೆಯ ಗೋವಾ ತನ್ನ ಘುಮಟವನ್ನು ರಾಜ್ಯದ ಪಾರಂಪರಿಕ ವಾದ್ಯವೆಂದು ಘೋಷಿಸಿಯೂ ಆಗಿದೆ. ಕುಂಬಾರನ ಆವಿಗೆಯಲ್ಲಿ ಬೆಂದು ಕಡಿಮೆ ಬೆಲೆಗೆ ಸಿಗುವ, ಹಾಲಕ್ಕಿ ಕೇರಿಯ ಹಿರಿಯರು ನುಡಿಸಿ ತೋರಿಸಬಲ್ಲ ವಾದ್ಯವಿದು; ವಾರಕ್ಕೊಂದು ಅವಧಿಯನ್ನು ವೇಳಾಪಟ್ಟಿಯಲ್ಲಿ ಬಿಟ್ಟುಕೊಟ್ಟರೆ ಕಲಿಕೆ ಆರಂಭವಾಗುತ್ತದೆ. ಸುಕ್ರಿ ಬೊಮ್ಮಗೌಡರು 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರೊಡನೆ ದನಿಗೂಡಿಸಿ ಹಾಡಿದ ಹೆಂಗಸರು ಬಡಗೇರಿಯಲ್ಲಿ ಇನ್ನೂ ಇದ್ದಾರೆ.